ಕೋರ್ಟಿನವರು ನೋಡಲು ಬಂದ ಮುದುಕ

ಕೋರ್ಟಿನಿಂದ ತಪಾಸಣೆಗೆ ಬರುವ ದಿನವೇ ಚಿಕ್ಕಪ್ಪ ಸಿರಿಯಾಕೊ ಚಿಪಾ ರೊಟ್ಟಿ ಮಾರುವವನ ಗಾಡಿ ಹತ್ತಿ ಹೊರಟುಹೋದ. ಬುದ್ಧಿ ಸ್ಥಿಮಿತ ತಪ್ಪಿದ ಆ ಮುದುಕನಿಗೆ ಕೋರ್ಟು ನೇಮಿಸಿದ ಪೋಷಕ ಅವನ ಅಣ್ಣನ ಮಗ ನಿಕಾನೋರ್. ಕೋರ್ಟಿನ ಅಪ್ಪಣೆಯಿಲ್ಲದೆ ಮುದುಕನ ಕೋಳಿಯನ್ನೂ ಕೊಯ್ಯುವಂತಿರಲಿಲ್ಲ. ಊರು ಬಿಟ್ಟು ಹೋಗುವುದಂತೂ ದೂರದ ಮಾತು. ಎನ್‌ಕಾರ್ನಸಿಯೋನ್ ಪಟ್ಟಣದಲ್ಲಿ ನಿಕಾನೋರನ ಕೈಹಿಡಿಯಲು ಕಾದು ಕಾದು ಬೇಸತ್ತ ಹೆಣ್ಣು, ಈ ತಿಂಗಳು ಬರದಿದ್ದರೆ ಬೇರೆಯವನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಮುದುಕ ಚೆನ್ನಾಗಿದ್ದಾನೆಂದು ವರದಿಯಾದರೆ ಅವನನ್ನು ಅವನ ತಂಗಿಗೆ ಒಪ್ಪಿಸಿ ನಿಕಾನೋರನನ್ನು ಬಿಡುವುದಾಗಿ ನ್ಯಾಯಾಧೀಶರು ಹೇಳಿದ್ದರು. ಮುದುಕನೇ ಇಲ್ಲವೆಂದರೆ? ಜೈಲು.

ನಿಕಾನೋರ್ ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನಂತೆ ಊರೆಲ್ಲ ಓಡಿ, ಬರಿಗೈಯಲ್ಲಿ ಬಂದು ಅಂಗಳದಲ್ಲಿ ಕುಸಿದ. ಪಕ್ಕದ ಮನೆಯ ಪೆತ್ರೋನಾ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದಳು. ನೋಡುವುದೇ ಅವಳ ಕಸುಬು.

“ಅಳ್ತಾ ಕೂತ್ರೆ ಬರ್ತಾನಾ? ಅವನ ಜಾಗದಲ್ಲಿ ನಮ್ಮ ಮಾವನ್ನ ಮಲಗ್ಸು. ಕೋರ್ಟಿಂದ ಬರೋಳು ಹೊಸಬ್ಳಂತೆ, ಮುಖ ಏನ್ ಗೊತ್ತಿರುತ್ತೆ ಅವಳಿಗೆ?”

ಬೇಡವೆನ್ನುವಷ್ಟರಲ್ಲಿ ಮಾವ ಕ್ಲೆತೊನನ್ನು ಬೇಲಿ ದಾಟಿಸಿಯೇಬಿಟ್ಟಳು. ಅವನ ಮೈ ಕುದುರೆಯ ಹಳೆಯ ತಡಿಯಂತೆ ನಾರುತ್ತಿತ್ತು. ನಿಕಾನೋರ್ ಬಿಸಿನೀರು ಕಾಯಿಸಿದ, ಬೆನ್ನುಜ್ಜಿದ, ಗಡ್ಡ ಹೆರೆದ, ಸಾರು ಕುಡಿಸಿದ. ಬಾಯಿಬಿಡಬೇಡವೆಂದು ಕಾಲು ಹಿಡಿದ.

ಕೋರ್ಟಿನ ಹೆಂಗಸು ಬಂದು ಮುದುಕನನ್ನು ಕಂಡು ಮೆಚ್ಚಿದಳು. ಸುಮ್ಮನೆ ಹೋಗಬಾರದೆ? ಏನಾದರೂ ಹೇಳುವುದಿದೆಯೇ ತಾತಾ ಎಂದು ಕೇಳಿದಳು.

“ನಾನು ಸಿರಿಯಾಕೊ ಅಲ್ಲಮ್ಮ, ಪಕ್ಕದ್ಮನೆಯವ್ನು,” ಅಂದ ಕ್ಲೆತೊ. “ಅಲ್ಲಿ ನಾನಿದೀನಿ ಅನ್ನೋದೇ ಅವ್ರಿಗೆ ಮರ್ತೋಗಿದೆ. ನನ್ನ ಮೈ ಯಾರಾದ್ರೂ ಮುಟ್ಟಿ ಎಷ್ಟು ಕಾಲವಾಯ್ತೋ. ನಾನು ಇಲ್ಲೇ ಇರ್ತೀನಿ.”

ಅಷ್ಟರಲ್ಲಿ ಚಿಕ್ಕಪ್ಪ ಸಿರಿಯಾಕೊ ರೊಟ್ಟಿ ಅಗಿಯುತ್ತ ಒಳಗೆ ಬಂದು, ಹಾಸಿಗೆಯಲ್ಲಿ ಮಲಗಿದ್ದವನನ್ನು ನೋಡಿ, ಸ್ವಲ್ಪ ಸರಿಯೋ ಅಂದ.

ಕೋರ್ಟಿನ ಹೆಂಗಸು ಇಬ್ಬರನ್ನೂ ನೋಡಿ ಕೊನೆಗೆ ನಿಕಾನೋರನತ್ತ ತಿರುಗಿದಳು. “ಮೋಸ ಮಾಡಿದೆ ಅಂತ ಬರೆದ್ರೆ ನಿನಗೆ ಜೈಲು. ಹಾಗೆ ಬರೆಯಲ್ಲ. ಊರಿನ ಮುದುಕರೇ ಹುಡುಕ್ಕೊಂಡು ಬರೋಂಥ ಪೋಷಕ ಅಂತ ಬರೀತೀನಿ. ಇಂಥೋನನ್ನ ಕೋರ್ಟು ಬಿಡುತ್ತೇನಪ್ಪಾ? ಇನ್ನು ಇಬ್ರನ್ನೂ ನೋಡ್ಕೋ.”

ನಿಕಾನೋರನಿಗೆ ಎನ್‌ಕಾರ್ನಸಿಯೋನ್ ನೆನಪಾಯಿತು, ಜೈಲೂ ನೆನಪಾಯಿತು. ಜೈಲಿನಲ್ಲಾದರೆ ಶಿಕ್ಷೆಗೊಂದು ಕೊನೆ ಇರುತ್ತದೆ ಅನ್ನಿಸಿತು.

ಅವಳ ಜೀಪು ತಿರುವು ದಾಟುವ ಮೊದಲೇ ಬೇಲಿಯ ಮೇಲಿಂದ ಕ್ಲೆತೊನ ಕಂಬಳಿ ಬಂತು. ಹಿಂದೆಯೇ ಅವನ ಉಚ್ಚೆ ಪಾತ್ರೆ.

“ತೊಳ್ದಿಲ್ಲ,” ಅಂದಳು ಪೆತ್ರೋನಾ. “ಇನ್ನು ಅದಕ್ಕೂ ಕೋರ್ಟಿನ ಅಪ್ಪಣೆ ಬೇಕಲ್ಲ.”