ತೂತಿನ ಕಾವಲು

ಮಹಾಬಲನ ತಾಪತ್ರಯಕ್ಕೆಲ್ಲ ಕಾರಣ ಒಂದು ತೂತು. ಎರ್ಮಾಜೆ ತೋಡಿಗೆ ಅಡ್ಡ ಕಟ್ಟಿದ ಹೊಸ ಅಣೆಕಟ್ಟಿನ ಬುಡದಲ್ಲಿ, ಒಂದು ಕರು ನುಸುಳಿ ಹೋಗುವಷ್ಟು ದೊಡ್ಡ ತೂತು. ಅದಕ್ಕೆ ಬಾಗಿಲಿಲ್ಲ, ಹಲಗೆ ಇಳಿಸಲು ಸಂದಿಲ್ಲ. ತೋಡಿನ ನೀರು ಆಚೆಯಿಂದ ಬಂದು ಈಚೆಗೆ ಹೋಗುತ್ತಿತ್ತು, ಗುರ್ತವಿಲ್ಲದವರ ಮದುವೆಮನೆಯನ್ನು ದಾಟಿ ಹೋಗುವವರ ಹಾಗೆ.

ಅಣೆಕಟ್ಟು ಎಂತಕ್ಕೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉದ್ಘಾಟನೆಯ ಕಲ್ಲಿನಲ್ಲಿ ದೊಡ್ಡವರ ಹೆಸರು ಮೇಲಿನಿಂದ ಕೆಳಗಿನವರೆಗೆ ಇತ್ತು. ಶಾಮಿಯಾನ ಹಾಕಿದವನ ಹೆಸರೊಂದು ಬಾಕಿ. ಇದು ಯಾವ ಉಪಯೋಗಕ್ಕೆ ಎಂದು ಒಂದು ಗೆರೆ ಕೆತ್ತಲು ಮಾತ್ರ ಜಾಗ ಸಾಲಲಿಲ್ಲ. ನೀರು ನಿಲ್ಲಿಸಲು ಎಂದರು ಕೆಲವರು. ಬಿಲ್ಲು ಮಾಡಲು ಎಂದರು ಉಳಿದವರು.

ಮಹಾಬಲ ಅದರ ತಾತ್ಕಾಲಿಕ ಕಾವಲುಗಾರ. ಕೆಲಸಕ್ಕೆ ಸೇರಿದ ದಿನ ಇಲಾಖೆಯವರು ಅವನಿಗೆ ಒಂದು ಉದ್ದನೆಯ ಕೊಕ್ಕೆ, ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ತೂತು ಮುಚ್ಚಿಹೋಗದ ಹಾಗೆ ನೋಡಿಕೋ ಎಂದು ಹೇಳಿ ಜೀಪು ಹತ್ತಿದ್ದರು. ಯಾಕೆ ಎಂದು ಇವನು ಬಾಯಿ ತೆರೆಯುವಷ್ಟರಲ್ಲಿ ಜೀಪು ಗುಂಡ್ಯ ದಾಟಿತ್ತು. ಅಂದಿನಿಂದ ಊರು ಏಳುವ ಮೊದಲೇ ತೋಡಿಗಿಳಿದು, ತೂತಿನ ಬಾಯಿಗೆ ಸಿಕ್ಕಿಕೊಂಡ ತೆಂಗಿನ ಮಡಲು, ಬಿದಿರಿನ ತುಂಡು, ಯಾರದೋ ಮನೆಯ ಮಗುವಿನ ಪ್ಯಾಂಪರ್ಸು ಎಲ್ಲವನ್ನೂ ಕೊಕ್ಕೆಯಲ್ಲಿ ಎಳೆದು ಕೆಳಗೆ ರಾಶಿ ಹಾಕುತ್ತಿದ್ದ. ಊರು ಎದ್ದು ನೋಡುವಾಗ ತೂತು ಚೊಕ್ಕ, ಮಹಾಬಲ ಕುರ್ಚಿಯಲ್ಲಿ. ಹಾಗಾಗಿ ಊರಿಗೆ ಕಂಡದ್ದು ಕುರ್ಚಿ ಒಂದೇ. ಮಾಡಿದ ಕೆಲಸ ಕಣ್ಣಿಗೆ ಕಾಣದಿದ್ದರೆ ಮಾಡಿದವನು ಸೋಮಾರಿ. ಇಂಥ ತೀರ್ಪು ಕೊಡಲು ಎಸ್ಸೆಸ್ಸೆಲ್ಸಿ ಪಾಸಾಗಬೇಕೆಂದಿಲ್ಲ, ಪಾಸಾದವರೂ ಇದನ್ನೇ ಕೊಡುತ್ತಾರೆ.

ಪಕ್ಕದ ಕಲ್ಲಾಜೆ ತೋಡಿನಲ್ಲಿ ಇಂಥದ್ದೇ ಇನ್ನೊಂದು ಅಣೆಕಟ್ಟು. ಅಲ್ಲಿಯ ತಾತ್ಕಾಲಿಕ ಶೈಲೇಶ. ಅಲ್ಲಿ ಯಾವಾಗ ನೋಡಿದರೂ ನೀರು ತುಂಬಿಕೊಂಡಿರುತ್ತಿತ್ತು, ಮದುವೆಯಾಗುವ ಜೋಡಿಗಳು ಕಡಬದಿಂದ ಫೋಟೊ ತೆಗೆಸಿಕೊಳ್ಳಲು ಬರುತ್ತಿದ್ದವು. ಶೈಲೇಶ ಭಾರೀ ಕೆಲಸಗಾರ ಎಂದು ಊರಿಗೆಲ್ಲ ಹೆಸರು.

ಜೂನ್ ತಿಂಗಳ ಮೊದಲಲ್ಲಿ ಒಂದು ಬೆಳಗ್ಗೆ ಪಂಚಾಯತ್ ಮೆಂಬರ್ ಬೆಳ್ಯಪ್ಪ ಗೌಡರು ಅಣೆಕಟ್ಟಿನ ಪಕ್ಕ ಜೀಪು ನಿಲ್ಲಿಸಿ ಸುದ್ದಿ ಹೇಳಿದರು. ಸಂಜೆ ಹೊಸ ಇಂಜಿನಿಯರ್ ಮೇಡಂ ಬರುತ್ತಾರಂತೆ. ಅಣೆಕಟ್ಟು ಭದ್ರ ಉಂಟೋ ನೋಡಿ, ಇಲ್ಲಿಗೆ ಕಾವಲುಗಾರ ಬೇಕೋ ಬೇಡವೋ ಎಂದು ಇವತ್ತೇ ತೀರ್ಮಾನವಂತೆ. ಬೇಕು ಎಂದರೆ ಮಹಾಬಲ ಖಾಯಂ, ಬೇಡ ಎಂದರೆ ಮನೆಗೆ.

ಮಹಾಬಲನಿಗೆ ಖಾಯಂ ಆಗಲೇಬೇಕಿತ್ತು. ನರಿಮೊಗರಿನ ಸುಪ್ರಿತಾಳನ್ನು ಅವನು ನೋಡಿ ಬಂದಿದ್ದ, ಅವಳೂ ಒಪ್ಪಿದ್ದಳು. ಅವಳ ಅಪ್ಪ ಮಾತ್ರ, ಖಾಯಂ ಕೆಲಸ ಇರುವ ಹುಡುಗನಿಗೇ ಮಗಳನ್ನು ಕೊಡುವುದು ಎಂದು ಚಾ ಕುಡಿಸಿ ಕಳಿಸಿದ್ದರು.

"ಖಾಲಿ ಪೆಟ್ಟಿಗೆಗೆ ಯಾರಾದ್ರೂ ಕಾವಲು ಇಡ್ತಾರಾ ಮಾರಾಯ?" ಎಂದರು ಗೌಡರು. "ಶೈಲೇಶನದ್ದು ನೋಡು, ಹೇಗೆ ತುಂಬಿ ಉಂಟು. ನಿನ್ನದು ಒಡಕು ಕೊಡಪಾನ."

"ತೂತು ಮುಚ್ಚಬಾರ್ದು ಅಂತ ಹೇಳಿದ್ದಾರಲ್ಲ ಗೌಡ್ರೆ."

"ಯಾಕೆ ಅಂತ ಹೇಳಿದ್ದಾರಾ?"

"ಇಲ್ಲ."

"ಮತ್ತೆ?"

ಅಷ್ಟರಲ್ಲಿ ತೋಡಿನ ಮೇಲ್ಗಡೆ ಮನೆಯ ಚೆನ್ನಕ್ಕ ಬಂದರು. ಅವರ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿಲ್ಲ. ಇಲ್ಲಿ ನಿಲ್ಲಿಸಿದರೆ ಅಲ್ಲಿ ಒರತೆ ಬರುತ್ತದೆ ಎಂಬುದು ಅವರ ಲೆಕ್ಕ. ಕೆಳಗಡೆ ಚಾ ಹೋಟೆಲಿನ ಝಾಕಿರ್ ಸೌಟು ಹಿಡಿದುಕೊಂಡೇ ಬಂದ. ಪ್ರತಿ ಮಳೆಗಾಲ ತೋಡಿನ ನೀರು ಅವನ ಹೋಟೆಲಿಗೆ ಬಂದು ಬೆಂಚಿನಲ್ಲಿ ಕೂರುತ್ತಿತ್ತು. ಬುಡದಲ್ಲಿ ತೂತು ಇರುವ ಅಣೆಕಟ್ಟು ಎಂದಾದರೂ ಒಡೆಯದೆ ಇರುತ್ತದಾ, ಮುಚ್ಚಿದರೆ ತನಗೆ ನಿದ್ದೆ ಬರುತ್ತದೆ ಎಂದ. ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ನೀರು ಬೇಡ, ಆದರೆ ಇಬ್ಬರಿಗೂ ತೂತು ಮುಚ್ಚಬೇಕು. ಮಹಾಬಲನ ತಲೆ ರಾಗಿ ಬೀಸುವ ಕಲ್ಲಿನ ಹಾಗೆ ಸುತ್ತಿತು. ಎಲ್ಲರೂ ಹೇಳುವಾಗ ಸರಿಯೇ ಇರಬೇಕು ಎಂದು ಕೊಕ್ಕೆ ಕೆಳಗಿಟ್ಟ.

ತೋಡಿಗೆ ಕಟ್ಟ ಹಾಕುವುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಚೆನ್ನಕ್ಕನ ದನದ ಹಟ್ಟಿಯ ಅಟ್ಟದಿಂದ ಹಳೇ ಹಲಗೆಗಳು ಇಳಿದವು. ತೂತಿನ ಬಾಯಿಗೆ ಎರಡು ಸಾಲು ಹಲಗೆ, ನಡುವೆ ಕೆಂಪು ಮಣ್ಣು, ಮಣ್ಣಿನೊಂದಿಗೆ ಸೊಪ್ಪು. ಗೌಡರು ಪ್ಯಾಂಟು ಮಡಚಿ ಮೇಲೆ ಹತ್ತಿ ತುಳಿದರು. ಅಜ್ಜನ ಕಾಲದಿಂದ ಬಂದ ಕೈಗುಣ, ಒಂದು ಹನಿ ಸೋರಲಿಲ್ಲ. ಆ ಅಜ್ಜಂದಿರು ಕಟ್ಟ ಹಾಕುತ್ತಿದ್ದದ್ದು ಮಳೆ ಹೋದ ಮೇಲೆ, ಬಿಡಿಸುತ್ತಿದ್ದದ್ದು ಮಳೆ ಬರುವ ಮೊದಲು ಎಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನಕ್ಕೆ ಸೊಂಟದೆತ್ತರ ನೀರು ನಿಂತಿತು. ಗೌಡರು ಅದರ ಮುಂದೆ ನಿಂತು ಸೆಲ್ಫಿ ತೆಗೆದು ಊರ ಗ್ರೂಪಿಗೆ ಹಾಕಿದರು. ಮಹಾಬಲ ಕುರ್ಚಿಯಲ್ಲಿ ಕೂತು, ಖಾಯಂ ಆದವರು ಹೇಗೆ ಕಾಲ ಮೇಲೆ ಕಾಲು ಹಾಕುತ್ತಾರೆ ಎಂದು ಅಭ್ಯಾಸ ಮಾಡಿದ.

ಆಗ ಶಿರಾಡಿ ಕಡೆ ಆಕಾಶ ಕಪ್ಪಾಯಿತು.

ಊರಲ್ಲಿ ಹನಿ ಬೀಳುವ ಮೊದಲೇ ಘಟ್ಟದ ನೀರು ಬಂತು, ಝಾಕಿರನ ಚಾದ ಬಣ್ಣದಲ್ಲಿ. ಸೊಂಟದಷ್ಟಿದ್ದದ್ದು ನೋಡನೋಡುತ್ತಲೇ ಎದೆಗೆ, ಎದೆಯಿಂದ ತಲೆಗೆ ಏರಿತು. ಬಾವಿಗೆ ಒರತೆ ಬೇಕು ಎಂದಿದ್ದ ಚೆನ್ನಕ್ಕನ ಹಟ್ಟಿಗೆ ತೋಡೇ ಬಂತು. ಅವರು ದನದ ಹಗ್ಗ ಹಿಡಿದು ಗುಡ್ಡೆ ಹತ್ತಿ, ಅಲ್ಲಿಂದಲೇ ಮಹಾಬಲನ ವಂಶ ಜಾಲಾಡಿಸಿದರು. ಕೆಳಗೆ ಝಾಕಿರ್, ಅಣೆಕಟ್ಟಿನ ಪಕ್ಕದ ಮಣ್ಣಿನ ಬದುವಿನಿಂದ ಕೆಂಪು ನೀರು ಜಿನುಗುವುದನ್ನು ನೋಡಿ ಸೌಟು ಬಿಸಾಡಿದ.

"ಈ ತೂತು ಮುಚ್ಚಿದ್ದು ಯಾರು?" ಎಂದು ಗೌಡರು ಕೇಳಿದರು. ಅವರ ಮೊಣಕಾಲಿನ ಮಣ್ಣು ಇನ್ನೂ ಒಣಗಿರಲಿಲ್ಲ.

ಎಲ್ಲರೂ ಮಹಾಬಲನನ್ನು ನೋಡಿದರು. ಮಹಾಬಲ ನೀರನ್ನು ನೋಡುತ್ತಿದ್ದ. ಬೆಳಗ್ಗಿನಿಂದ ಕಲಸಿಹೋಗಿದ್ದ ಅವನ ತಲೆಯಲ್ಲಿ ಒಂದು ವಿಷಯ ತಿಳಿಯಾಯಿತು.

"ಖಾಲಿ ಇರುದೇ ಇದರ ಕೆಲಸ ಗೌಡ್ರೆ," ಎಂದ. "ಘಟ್ಟದಿಂದ ಬೆಳ್ಳ ನುಗ್ಗಿ ಬರುವಾಗ ಹಿಡಿದಿಟ್ಟು, ತೂತಲ್ಲಿ ಸ್ವಲ್ಪ ಸ್ವಲ್ಪವೇ ಬಿಡ್ಲಿಕ್ಕೆ. ಝಾಕಿರಣ್ಣನ ಹೋಟೆಲು ಉಳಿಲಿ ಅಂತ. ನಾವು ಮೊದಲೇ ತುಂಬಿಸಿ ಇಟ್ರೆ ಬೆಳ್ಳ ಎಲ್ಲಿ ಕೂತ್ಕೊಳ್ಳುದು?"

"ಇದನ್ನು ಬೆಳಗ್ಗೆ ಹೇಳ್ಲಿಕ್ಕೆ ಎಂತ ರೋಗ ನಿನಗೆ?" ಎಂದರು ಗೌಡರು.

ಹಲಗೆ ಬಿಡಿಸಲು ಯಾರಿಂದಲೂ ಆಗಲಿಲ್ಲ. ಅಜ್ಜಂದಿರ ಕೈಗುಣ ಅಷ್ಟು ಗಟ್ಟಿ, ಮೇಲೆ ಅಷ್ಟೂ ನೀರಿನ ಭಾರ. ಕೊನೆಗೆ ಮಹಾಬಲ ಸೊಂಟಕ್ಕೆ ಹಗ್ಗ ಬಿಗಿದು ಮುಳುಗಿದ. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದ, ಮೂರನೆಯ ಸಲ ಹಲಗೆಗೆ ಸರಪಳಿ ಸಿಕ್ಕಿಸಿ ಬಂದ. ಇನ್ನೊಂದು ತುದಿಯನ್ನು ಗೌಡರ ಜೀಪಿಗೆ ಕಟ್ಟಿದರು. ಜೀಪು ಒಮ್ಮೆ ಹೂಂಕರಿಸಿತು, ಇನ್ನೊಮ್ಮೆ ಹೂಂಕರಿಸಿತು, ಆಮೇಲೆ ಹಲಗೆ ಫಟ್ಟೆಂದು ಮುರಿಯಿತು.

ತೂತಿನಿಂದ ನೀರು ಹಾರಿದ ರಭಸಕ್ಕೆ ಕೆಳಗಿದ್ದ ಕುರ್ಚಿ ಹೋಯಿತು, ಕೊಕ್ಕೆ ಹೋಯಿತು, ಮಹಾಬಲ ಮಳೆಗಾಲದ ಮೊದಲಿನಿಂದ ರಾಶಿ ಹಾಕಿದ ಕಸವೆಲ್ಲ ಹೋಯಿತು. ಆದರೆ ಬದು ಉಳಿಯಿತು. ಝಾಕಿರನ ಹೋಟೆಲಿನ ಮೆಟ್ಟಿಲು ಮುಟ್ಟಿ ನೀರು ವಾಪಾಸು ಇಳಿಯಿತು.

ಇಂಜಿನಿಯರ್ ಮೇಡಂ ಬರುವಾಗ ಮಳೆ ಬಿಟ್ಟಿತ್ತು, ಅಣೆಕಟ್ಟು ಮುಕ್ಕಾಲು ಖಾಲಿಯಾಗಿತ್ತು. ತೂತು ಆಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅವರು ಟಾರ್ಚ್ ಹಾಕಿ ಒಳಗೆ ನೋಡಿದರು, ಬದು ತುಳಿದು ನೋಡಿದರು, ಸಂತೋಷಪಟ್ಟರು.

"ಭದ್ರ ಉಂಟು. ಇಷ್ಟು ಮಳೆಗೆ ಸಹ ಒಂದು ಕಡ್ಡಿ ಸಿಕ್ಕಿಕೊಳ್ಳಲಿಲ್ಲ ನೋಡಿ. ತನ್ನಷ್ಟಕ್ಕೇ ಕ್ಲೀನಾಗ್ತದೆ. ಇದಕ್ಕೆ ಜನ ಎಂತಕ್ಕೆ?"

ದಿನಾ ಕ್ಲೀನು ಮಾಡುವುದು ನಾನು ಎನ್ನಲು ಮಹಾಬಲ ಬಾಯಿ ತೆರೆದ. ತೋರಿಸಲು ಕಸವಿಲ್ಲ, ಕೊಕ್ಕೆಯಿಲ್ಲ. ಇವತ್ತು ಕ್ಲೀನಾದದ್ದು ಹೇಗೆ ಎಂದು ಹೇಳಿದರೆ ಪೊಲೀಸರು ಬರುತ್ತಾರೆ. ಹಿಂದಿನಿಂದ ಗೌಡರು ಕೆಮ್ಮಿದರು. ಮಹಾಬಲ ಬಾಯಿ ಮುಚ್ಚಿದ, ತೂತನ್ನು ಮುಚ್ಚಿದ್ದಕ್ಕಿಂತ ಬಿಗಿಯಾಗಿ.

"ಕಷ್ಟ ಉಂಟಾದ್ರೆ ಕಲ್ಲಾಜೆಯಲ್ಲಿ," ಎಂದರು ಮೇಡಂ. "ಅಲ್ಲಿ ತೂತು ಯಾವಾಗ್ಲೂ ಕಟ್ಟಿಕೊಂಡೇ ಇರ್ತದೆ. ಪಾಪ, ಶೈಲೇಶ ಒಬ್ಬನಿಂದ ಆಗುದಿಲ್ಲ. ಅವನನ್ನು ಖಾಯಂ ಮಾಡ್ತೇವೆ. ಸಹಾಯಕ್ಕೆ ಒಬ್ಬ ತಾತ್ಕಾಲಿಕ ಬೇಕು. ನೀವು ಹೋಗ್ತೀರಾ?"

ಮರುದಿನ ಬೆಳಗ್ಗೆ ಊರು ಏಳುವ ಮೊದಲೇ ಮಹಾಬಲ ಕಲ್ಲಾಜೆಗೆ ಹೋದ. ಶೈಲೇಶ ಕುರ್ಚಿಯಲ್ಲೇ ನಿದ್ದೆ ಮಾಡಿದ್ದ. ಅಲ್ಲಿ ಬಿದ್ದಿದ್ದ ಕೊಕ್ಕೆಯನ್ನು ಮಹಾಬಲ ನೀರಿಗೆ ಇಳಿಸಿದ ಸದ್ದಿಗೆ ಒಂದು ಕಣ್ಣು ತೆರೆದ.

"ಅದನ್ನು ಮುಟ್ಟಬೇಡ ಮಾರಾಯ. ಕಸ ತೆಗೆದು ತೆಗೆದೇ ಅಲ್ವಾ ನಿನ್ನ ಕೆಲಸ ಹೋದದ್ದು? ಬಾ, ಕೂತ್ಕೊ."

ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಮಹಾಬಲ ಕಲ್ಲಿನ ಮೇಲೆ ಕೂತ.

"ಹೌದಾ, ನಿನಗೆ ನರಿಮೊಗರು ಕಡೆ ಗುರ್ತ ಉಂಟಲ್ಲ?" ಎಂದ ಶೈಲೇಶ, ಆಕಳಿಸುತ್ತಾ. "ನಿನ್ನೆ ರಾತ್ರಿ ಅಲ್ಲಿಂದ ಒಂದು ಫೋನ್ ಬಂತು. ಹುಡುಗಿ ಹೆಸರು ಸುಪ್ರಿತಾ ಅಂತೆ. ಅವಳ ಅಪ್ಪ ಹೇಗೆ, ಜನ?"

ಮಹಾಬಲ ತುಂಬಿ ನಿಂತ ಕೆಸರು ನೀರಿನಿಂದ ಕೊಕ್ಕೆಯನ್ನು ಎಳೆದು ಪಕ್ಕಕ್ಕಿಟ್ಟ.

"ಒಳ್ಳೆ ಜನ," ಎಂದ. "ಚಾ ಕೊಡ್ತಾರೆ."