ಮಾವನ ದೋಣಿಯೂ ಅಲ್ಯುಮಿನಿಯಂ ಟ್ಯಾಂಕೂ

ನಮ್ಮ ಸೋದರಮಾವ ಇಡೀ ಜೀವನದಲ್ಲಿ ಒಂದೇ ಒಂದು ವಾದದಲ್ಲೂ ಸೋತವರಲ್ಲ. ಹಾಗಂತ ಗೆದ್ದರು ಎಂದುಕೊಳ್ಳಬೇಡಿ. ಎದುರಿಗಿದ್ದವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು, ಅಷ್ಟೆ. ಆಮೇಲೆ ಮಾವ ಆ ಖಾಲಿ ಕುರ್ಚಿಯನ್ನು ತೋರಿಸಿ, "ನೋಡಿದ್ಯಾ, ಉತ್ತರ ಇಲ್ಲ" ಎನ್ನುತ್ತಿದ್ದರು. ಊರಿನ ಹೆಸರು ಚೆನ್ನೈ ಎಂದು ಬದಲಾದಾಗ, "ಸರ್ಕಾರ ಬೇಕಾದ್ರೆ ಬದಲಾಯಿಸ್ಕೊಳ್ಳಲಿ, ನಾನು ಬದಲಾಯಿಸಲ್ಲ" ಎಂದು ಘೋಷಿಸಿದರು. ಟಿ. ನಗರದ ಅವರ ಮನೆಯೊಳಗೆ ಇಂದಿಗೂ ಅದು ಮದ್ರಾಸೇ. ಇಂಥವರು ನಿವೃತ್ತರಾದರೆ ಏನಾಗುತ್ತದೆ ಹೇಳಿ? ದೋಣಿ ಕೊಳ್ಳುತ್ತಾರೆ!

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಉಳಿದ ನೆಂಟರು ನಿವೃತ್ತರಾದ ಮೇಲೆ ಕಾಶಿಗೆ ಹೋದರು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು, ಮಗಳ ಮನೆಯಲ್ಲಿ ಟೀವಿ ರಿಮೋಟಿಗಾಗಿ ಮೊಮ್ಮಕ್ಕಳ ಜೊತೆ ಜಗಳವಾಡಿದರು. ಮಾವ ಮದ್ರಾಸಿನ ಉತ್ತರದ ತುದಿಯ ಎಣ್ಣೂರಿಗೆ ಹೋಗಿ, ಅಲ್ಲಿನ ಅಳಿವೆಯಲ್ಲಿ ಒಬ್ಬ ಮೀನುಗಾರನಿಂದ ಹಳೆಯ ಫೈಬರ್ ದೋಣಿ ಕೊಂಡುಬಿಟ್ಟರು. ಹಿಂದುಗಡೆ ಪುಟ್ಟದೊಂದು ಪೆಟ್ರೋಲ್ ಎಂಜಿನ್. ನಾಲ್ಕು ಜನ ಕೂತರೆ ಐದನೆಯವರು ಈಜಬೇಕು, ಅಷ್ಟು ವಿಶಾಲ.

"ಈ ವಯಸ್ಸಲ್ಲಿ ದೋಣಿ ಯಾಕೆ ಮಾವ?" ಎಂದು ಕೇಳಿದೆ.

"ನಿಮ್ಮತ್ತೆಗೆ ನೀರಿನ ಮೇಲಿಂದ ಮದ್ರಾಸ್ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ ಕಣೆ. ಮದುವೆಯಾದ ಹೊಸದರಲ್ಲಿ, ಮರೀನಾ ಬೀಚಲ್ಲಿ."

ಒಳಗಿನಿಂದ ಅತ್ತೆಯ ಸ್ವರ ಬಂತು. "ನಾನ್ಯಾವಾಗ ಕೇಳಿದ್ದೆ?"

ಅತ್ತೆ ಸಮುದ್ರಕ್ಕೆ ಕಾಲ್ಗೆಜ್ಜೆ ತೋಯುವಷ್ಟು ಮಾತ್ರ ಇಳಿದವರು. ಆದರೂ ಮಾವ ಬಿಡಲಿಲ್ಲ. ದಿನಾ ಕಾಡಿಸಿದ ಮೇಲೆ ಅತ್ತೆ ಎರಡು ಷರತ್ತು ಹಾಕಿದರು. ದೋಣಿಯಲ್ಲಿ ಪೆಟ್ರೋಲ್ ವಾಸನೆ ಬರಕೂಡದು. ಪ್ರಾಣದೇವರು ಜೊತೆಗಿರಬೇಕು.

ಎರಡಕ್ಕೂ ಕಾರಣವಿತ್ತು. ಪೆಟ್ರೋಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಅತ್ತೆಗೆ ಹೊಟ್ಟೆ ತೊಳೆಸಿ ವಾಂತಿ. ಬಸ್ಸು ಹತ್ತಿದರೆ ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದೇ ಕೂರುವರು; ಪ್ಯಾರೀಸ್ ಕಾರ್ನರ್ ಬರುವಷ್ಟರಲ್ಲಿ ಆ ಹಣ್ಣಿನ ಪ್ರಾಣ ಹೋಗಿರುತ್ತಿತ್ತು. ಇನ್ನು ಪ್ರಾಣದೇವರೆಂದರೆ ಹನುಮಂತ, ನಮ್ಮ ಮನೆತನಕ್ಕೆ ಅವನೇ ದಿಕ್ಕು. ಸಮುದ್ರ ದಾಟಿದ ಅನುಭವ ನಮ್ಮಲ್ಲಿ ಅವನೊಬ್ಬನಿಗೇ ಇದ್ದದ್ದು! ಅವನ ಚಿತ್ರ ಕೊರೆದ ಅಂಗೈಯಗಲದ ತಾಮ್ರದ ತಗಡೊಂದನ್ನು ಅತ್ತೆ ತವರಿನಿಂದ ತಂದಿದ್ದರು. ಅದಿಲ್ಲದೆ ಅವರು ಆಸ್ಪತ್ರೆಗೂ ಹೋಗುತ್ತಿರಲಿಲ್ಲ.

ದೋಣಿಯ ಜೊತೆ ಬಂದಿದ್ದ ಪೆಟ್ರೋಲ್ ಟ್ಯಾಂಕ್ ಬಿರುಕು ಬಿಟ್ಟಿತ್ತು. ಹೊಸದು ಬೇಕು. ಪ್ಲಾಸ್ಟಿಕ್ಕೋ ಅಲ್ಯುಮಿನಿಯಮ್ಮೋ? ದೋಣಿ ಮಾರಿದವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಪ್ಲಾಸ್ಟಿಕ್ ಪೋದುಂ ಸಾಮಿ. ಎಲ್ಲಾರುಂ ಅದಾನ್ ವೆಚ್ಚಿರುಕ್ಕಾಂಗ." ಪ್ಲಾಸ್ಟಿಕ್ ಸಾಕು, ಎಲ್ಲರೂ ಇಟ್ಟುಕೊಂಡಿರುವುದು ಅದನ್ನೇ! ಪಾಪ, ಅವನಿಗೇನು ಗೊತ್ತು? 'ಎಲ್ಲಾರುಂ' ಎಂದ ಕ್ಷಣವೇ ಪ್ಲಾಸ್ಟಿಕ್ಕಿನ ಕಥೆ ಮುಗಿದಿತ್ತು.

ಆದರೂ ಮಾವ ನ್ಯಾಯವಾಗಿ ವಿಚಾರಣೆ ನಡೆಸಿದರು. ಒಂದು ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಸುರಿದು, ಮುಚ್ಚಳ ಬಿಗಿದು, ಅತ್ತೆಯ ಕಣ್ಣಿಗೆ ಬಟ್ಟೆ ಕಟ್ಟಿ, ಕ್ಯಾನನ್ನು ಅವರ ಮೂಗಿನ ಹತ್ತಿರ ಹಿಡಿದರು.

"ಬರ್ತಿದೆ ರೀ ವಾಸನೆ. ಹೊಟ್ಟೆ ತೊಳೆಸ್ತಿದೆ" ಎಂದರು ಅತ್ತೆ.

ಮಾವನ ಮಗಳು ಪೇಪರಿನಿಂದ ತಲೆಯೆತ್ತಲಿಲ್ಲ. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವವಳು. "ಅಪ್ಪಾ, ವಾಸನೆ ಉಂಗ ಕೈಲೇರುಂದು ವರುದು" ಎಂದಳು. ವಾಸನೆ ಕ್ಯಾನಿನದಲ್ಲ, ಸುರಿದವರ ಕೈಯದು ಎಂದು. ಮಾವ ಕೈ ಮೂಸಿ ನೋಡಿಕೊಂಡರು. ಸೀಗೆಪುಡಿ ಹಾಕಿ ತೊಳೆದರು. ಮತ್ತೆ ಮೂಸಿದರು.

"ಇನ್ನೂ ಇದೆ. ಮುಚ್ಚಿದ ಕ್ಯಾನಿಂದ ಕೈಗೆ ಬಂತು ಅಂದ್ರೆ ಪ್ಲಾಸ್ಟಿಕ್ ಎಷ್ಟು ಕೆಟ್ಟದ್ದಿರಬೇಕು ನೋಡು. ಮೂವತ್ತು ವರ್ಷ ಪೆಟ್ರೋಲ್ ಜೊತೆ ಏಗಿದ್ದೀನಿ, ನನಗೆ ಹೇಳ್ಬೇಡಿ."

ಏಗಿದ್ದೇನೋ ನಿಜ. ಮಣಲಿಯ ತೈಲ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದರು. ಆದರೆ ಕೂತಿದ್ದು ಸಂಬಳ ಬಟವಾಡೆಯ ವಿಭಾಗದಲ್ಲಿ. ಪೆಟ್ರೋಲಿಗೂ ಅವರಿಗೂ ಇದ್ದ ನಂಟು ನನಗೂ ವಿಮಾನಕ್ಕೂ ಇರುವಷ್ಟೇ, ದಿನಾ ತಲೆಯ ಮೇಲೆ ಹಾರಿಹೋಗುತ್ತದೆ.

ಪ್ಯಾರೀಸ್ ಕಾರ್ನರಿನ ಅಂಗಡಿಯವನೂ ಪ್ಲಾಸ್ಟಿಕ್ ಎಂದ. ಹಗುರ, ತುಕ್ಕಿಲ್ಲ, ಉಪ್ಪುನೀರಿಗೆ ಹೆದರಲ್ಲ ಎಂದ. ಮಾವ ಅವನಿಗೆ ಬಿಸಿಲಿನ ಪ್ರತಾಪ, ಪ್ಲಾಸ್ಟಿಕ್ ಉಬ್ಬುವ ಬಗೆ, ಮನೆಯ ಬಕೆಟ್ಟುಗಳ ಆಯಸ್ಸು ಎಲ್ಲವನ್ನೂ ವಿವರಿಸಿದರು. ಅಂಗಡಿ ಬಿಟ್ಟು ಎದ್ದು ಹೋಗುವಂತಿಲ್ಲವಲ್ಲ, ಬಡಪಾಯಿ ಕೊನೆಗೆ ಒಳಗಿನಿಂದ ಅಲ್ಯುಮಿನಿಯಂ ಟ್ಯಾಂಕೊಂದನ್ನು ತಂದು ಅವರ ಮುಂದಿಟ್ಟ. ಅದನ್ನು ನನ್ನ ಸ್ಕೂಟಿಯ ಮೇಲೆ ಕಾಲ ಮಧ್ಯೆ ಇಟ್ಟುಕೊಂಡು ನಾನೇ ಮನೆಗೆ ತಂದೆ. ಹಿಂದೆ ಕೂತ ಮಾವ ದಾರಿಯುದ್ದಕ್ಕೂ, "ಇಡೀ ಮದ್ರಾಸ್ ಪ್ಲಾಸ್ಟಿಕ್ ಅನ್ಲಿ, ನಾನು ಅಲ್ಯುಮಿನಿಯಂ. ಯಾರೇನು ಮಾಡ್ತಾರೆ?" ಎನ್ನುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ನಮ್ಮನ್ನೇ ನೋಡಿದರು.

ಟ್ಯಾಂಕ್ ದೋಣಿಗೆ ಹೋಗುವ ಮುಂಚೆ ಅತ್ತೆ ಅದಕ್ಕೆ ಅರಿಸಿನ ಕುಂಕುಮವಿಟ್ಟು, ತಾಮ್ರದ ತಗಡನ್ನು ಅದರ ಎದೆಗೆ ಅವುಚಿ, ಕೆಂಪು ದಾರದಿಂದ ಬಿಗಿಯಾಗಿ ಸುತ್ತಿದರು. "ಪ್ರತಿ ಶನಿವಾರ ಅಭಿಷೇಕ ಆಗ್ಬೇಕು" ಎಂದು ಅಪ್ಪಣೆಯಾಯಿತು. ಮಾವ ಒಂದು ಶನಿವಾರವೂ ತಪ್ಪಿಸಲಿಲ್ಲ. ಆದರೆ ಟಿ. ನಗರದಿಂದ ನೀರು ಹೊತ್ತುಕೊಂಡು ಹೋಗುವವರು ಯಾರು? ಅಳಿವೆಯ ನೀರನ್ನೇ ತಂಬಿಗೆಯಲ್ಲಿ ಮೊಗೆದು ಸುರಿಯುತ್ತಿದ್ದರು. "ಸಮುದ್ರಕ್ಕಿಂತ ದೊಡ್ಡ ತೀರ್ಥ ಯಾವುದಿದೆ?" ಎಂದು ನನ್ನನ್ನೇ ಕೇಳಿದ್ದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅತ್ತೆ ಮಾತ್ರ ದೋಣಿ ಹತ್ತುವುದನ್ನು ಮುಂದೆ ಹಾಕುತ್ತಲೇ ಹೋದರು. ಏಕಾದಶಿ, ಮಳೆಗಾಲ, ಉಪ್ಪಿನಕಾಯಿ ಹಾಕುವ ಕಾಲ. ಮಾವ ಪ್ರತಿಸಲವೂ ಎಣ್ಣೂರಿಗೆ ಒಬ್ಬರೇ ಹೋಗಿ, ಅಭಿಷೇಕ ಮುಗಿಸಿ, ಖಾಲಿ ದೋಣಿಯ ಪಕ್ಕ ಕೂತು ಬರುತ್ತಿದ್ದರು. ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಕೊನೆಗೊಂದು ಬೆಳಗ್ಗೆ ಅತ್ತೆ ತಾವಾಗಿಯೇ ಹತ್ತಿ ಸೀರೆಯುಟ್ಟು, ನಿಂಬೆಹಣ್ಣು ಹಿಡಿದು, "ಹೊರಡ್ರೀ, ಮನಸ್ಸು ಬದಲಾಗೋ ಮುಂಚೆ" ಎಂದರು.

ಅತ್ತೆಯನ್ನೂ ಮಗಳನ್ನೂ ದಡದ ನೆರಳಿನಲ್ಲಿ ಕೂರಿಸಿ, ಮಾವನೂ ನಾನೂ ದೋಣಿ ಸಿದ್ಧಮಾಡಲು ಹೋದೆವು. ಟ್ಯಾಂಕಿಗೆ ಪೆಟ್ರೋಲ್ ತುಂಬಿದ್ದೇ ತಡ, ವಾಸನೆ ಗಪ್ಪೆಂದು ಹೊಡೆಯಿತು. ಪೆಟ್ರೋಲ್ ಸೋರುತ್ತಿತ್ತು. ಎಲ್ಲಿಂದ? ಪ್ರಾಣದೇವರ ಪಾದದಿಂದ. ಮಾವ ದಾರ ಸರಿಸಿ ತಗಡೆತ್ತಿದರು. ಅದರಡಿ ಬಿಳಿ ಪುಡಿ, ನಡುವೆ ಸೂಜಿ ಚುಚ್ಚಿದ ಹಾಗೆ ತೂತುಗಳು. ತಾಮ್ರವೂ ಅಲ್ಯುಮಿನಿಯಮ್ಮೂ ಮೈಗೆ ಮೈ ತಾಗಿಸಿಕೊಂಡು ಉಪ್ಪುನೀರಿನಲ್ಲಿ ನೆನೆಯುತ್ತಿದ್ದರೆ ತಾಮ್ರಕ್ಕೇನೂ ಆಗುವುದಿಲ್ಲ, ಅಲ್ಯುಮಿನಿಯಂ ಕರಗಿಹೋಗುತ್ತದೆ. ಇದು ನಾನು ಪ್ಲಸ್ ಟೂನಲ್ಲೇ ಓದಿದ್ದ ಪಾಠ.

"ಮಾವ, ಈ ತಗಡಿನಿಂದಲೇ..." ಎಂದು ಶುರುಮಾಡಿದೆ.

"ಬಾಯ್ಮುಚ್ಚು" ಎಂದರು ಮೆಲ್ಲಗೆ. ತಗಡನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡು ದಡದ ಕಡೆ ತಿರುಗಿ ಕೂಗಿದರು. "ಅಲ್ಯುಮಿನಿಯಂ ಸರಿಯಿಲ್ಲ ಕಣೆ. ತೂತು ಬಿದ್ದಿದೆ. ನಂದೇ ತಪ್ಪು. ಪ್ಲಾಸ್ಟಿಕ್ಕೇ ತಗೋಬೇಕಿತ್ತು."

ಮಗಳು ಕಾಫಿ ಫ್ಲಾಸ್ಕನ್ನು ಮರಳಿನ ಮೇಲೆ ಬೀಳಿಸಿದಳು. "ಏನಪ್ಪಾ ಅಂದ್ರಿ?" ಎಂದಳು, ಅಚ್ಚ ಕನ್ನಡದಲ್ಲಿ.

ಅತ್ತೆ ಕೇಳಿದ್ದು ಒಂದೇ. "ಪ್ರಾಣದೇವರಿಗೇನೂ ಆಗಿಲ್ಲ ತಾನೆ?"

"ಅವನಿಗೇನಾಗತ್ತೆ. ಅವನಿದ್ದದ್ದಕ್ಕೆ ಮುಂಚೇನೇ ಗೊತ್ತಾಯ್ತು."

ಸುದ್ದಿ ಹಬ್ಬಿತು. ವರ್ಷಗಟ್ಟಲೆ ಕಾದಿದ್ದ ನೆಂಟರೆಲ್ಲ ಮನೆಗೆ ಬಂದರು, ಅಂಗಡಿಯವನಂತೂ ನಕ್ಕೂ ನಕ್ಕೂ ಸುಸ್ತಾದ. ಎಲ್ಲರಿಗೂ ಮಾವ ಎದೆಯುಬ್ಬಿಸಿ ಒಂದೇ ಉತ್ತರ ಕೊಟ್ಟರು. "ಹೌದು, ಸೋತೆ. ಏನೀಗ?" ಸೋಲನ್ನೂ ಆ ಗತ್ತಿನಲ್ಲಿ ಹೇಳಿದರೆ ಅದರ ಮುಂದೆ ಯಾರು ತಾನೇ ಏನು ಮಾತಾಡಬಲ್ಲರು? ಬಂದವರು ಕಾಫಿ ಕುಡಿದು ಎದ್ದು ಹೋದರು.

ಮುಂದಿನ ವಾರ ಕೆಂಪು ಪ್ಲಾಸ್ಟಿಕ್ ಟ್ಯಾಂಕ್ ಬಂತು. ಮಾವ ತಾಮ್ರದ ತಗಡನ್ನು ತಾವೇ ಅದಕ್ಕೆ ಕಟ್ಟುತ್ತಾ ನನಗೊಬ್ಬಳಿಗೇ ಕೇಳುವಂತೆ, "ಇದಾದ್ರೆ ಎಷ್ಟು ಅಭಿಷೇಕ ಮಾಡಿದ್ರೂ ತಡ್ಕೊಳ್ಳತ್ತೆ" ಎಂದರು. ನಾನು ದಾರದ ತುದಿ ಹಿಡಿದುಕೊಟ್ಟೆ.

ದೋಣಿ ಅಳಿವೆಯ ನಡುವಿಗೆ ಬಂತು. ಪೆಟ್ರೋಲ್ ವಾಸನೆ ಬಂದೇ ಬಂತು. ಮಾವ ಜೇಬಿನಿಂದ ನಿಂಬೆಹಣ್ಣು ತೆಗೆತೆಗೆದು ಕೊಡುತ್ತಿದ್ದರು. ನೀರಿನ ಮೇಲಿಂದ ಕಂಡ ಮದ್ರಾಸೆಂದರೆ ವಿದ್ಯುತ್ ಸ್ಥಾವರದ ಚಿಮಣಿಗಳು, ಆಚೆ ಮಣಲಿಯ ಹೊಗೆ. "ಅದೋ, ನನ್ನ ಆಫೀಸು" ಎಂದರು ಮಾವ. ಅತ್ತೆ ಒಂದು ಕೈ ತಗಡಿನ ಮೇಲಿಟ್ಟು, ಮೂಗಿನಿಂದ ನಿಂಬೆ ಸರಿಸಿ, ಕಣ್ತುಂಬ ನೋಡಿದರು. ಆಮೇಲೆ ಮಾವನ ಕಡೆ ತಿರುಗಿದರು.

"ಪ್ಲಾಸ್ಟಿಕ್ಕೇ ಸರಿ ಅಂತ ನನಗೆ ಅವತ್ತೇ ಅನ್ನಿಸಿತ್ತು ರೀ. ನಿಮಗೆ ಯಾರು ಹೇಳಕ್ಕಾಗತ್ತೆ?"

ಮಾವ ಬಾಯಿ ತೆರೆದರು. ಸುತ್ತಲೂ ನೀರು, ಎದುರಿಗಿದ್ದವರು ಎದ್ದು ಹೋಗುವ ಹಾಗೇ ಇಲ್ಲ. ವಾದ ಮಾಡಲು ಇಂಥ ಜಾಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಹೌದು ಕಣೆ" ಎಂದರು ಮಾವ. "ನೀನು ಹೇಳಿದ್ದೇ ಸರಿ."