ಪಾಸಾಗಿ ಕೆಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಬಿ.ಎ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದದ್ದು ದಡ್ಡತನದಿಂದಲ್ಲ, ಶ್ರದ್ಧೆಯಿಂದ! ನಂಬುವುದಿಲ್ಲವೇ? ರಾಮನಗರದ ಕಾಲೇಜಿನಲ್ಲಿ ಅವರು ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯೊಂದಕ್ಕೆ ಸೇರಿದ್ದರು. ದೇಶದೇಶಗಳಲ್ಲಿ ಹಬ್ಬಿದ ಸಂಘಟನೆ. ನಮ್ಮ ಘಟಕದಲ್ಲಿ ಮಾತ್ರ ಆರೇ ಜನ. ಅದನ್ನು ನಡೆಸುವವರು ವಿದ್ಯಾರ್ಥಿಗಳೇ. ಓದು ಮುಗಿಯಿತೋ, ಅಧಿಕಾರವೂ ಮುಗಿಯಿತು. ಕೆಲವು ವರ್ಷಕ್ಕೊಮ್ಮೆ ಪರದೇಶದಲ್ಲಿ ವಿಶ್ವಸಭೆ. ಅಲ್ಲಿ ಭಾರತದ ಪ್ರತಿನಿಧಿಯಾಗಿ ಕೂರಬೇಕೆಂಬುದು ಚಿಕ್ಕಪ್ಪನ ಒಂದೇ ಆಸೆ. ಪಾಸಾದರೆ ಆ ಆಸೆಗೆ ಎಳ್ಳುನೀರು! ಅದಕ್ಕೇ ರಾಜ್ಯಶಾಸ್ತ್ರದ ಒಂದು ಪೇಪರನ್ನು ವರ್ಷವರ್ಷವೂ ಜೋಪಾನವಾಗಿ ಉಳಿಸಿಕೊಳ್ಳುತ್ತಿದ್ದರು. ಕೊನೆಗೆ ಅವರ ಅಣ್ಣನ ಮಗಳಾದ ನಾನೂ ಅದೇ ಕಾಲೇಜಿಗೆ, ಅದೇ ಘಟಕಕ್ಕೆ ಸೇರಿದೆ.

ಅಭ್ಯಾಸವಾಗಲೆಂದು ಅವರು ಮನೆಯನ್ನೂ ಸಂಘಟನೆಯ ನಿಯಮಾವಳಿಯಂತೆ ನಡೆಸತೊಡಗಿದರು. ವಿಶ್ವಸಭೆಯಲ್ಲಿ ದೇಶ ದೊಡ್ಡದಿರಲಿ, ಚಿಕ್ಕದಿರಲಿ, ಒಂದೇ ಓಟು. ಮನೆಯಲ್ಲೂ ತಾತನಿಗೊಂದು, ನನಗೊಂದು. ಸಂಘಟನೆಯ ಫಾದರ್ ಸಲಹೆ ಕೊಡಬಹುದು, ಓಟು ಹಾಕುವಂತಿಲ್ಲ. ಮನೆಯಲ್ಲಿ ಆ ಸ್ಥಾನ ಅಜ್ಜಿಗೆ!

"ಬೇಯ್ಸಿ ಬಡ್ಸೋಳು ನಾನು, ಓಟು ನಿಮ್ಗಾ?" ಅಜ್ಜಿ ಸೌಟು ಎತ್ತಿದರು.

"ನಿನ್ ಸಲಹೆ ಬರ್ಕೊಂಡಿವ್ನಿ ಕಣವ್ವ" ಎಂದರು ಚಿಕ್ಕಪ್ಪ. ಆ ಹೊತ್ತು ಅವರಿಗೆ ಮುದ್ದೆ ಸಿಗಲಿಲ್ಲ, ಅದನ್ನೂ ಬರೆದುಕೊಂಡರು.

ಒಮ್ಮೆ ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ಚಿಕ್ಕಪ್ಪ ಸಭೆ ಕರೆದು, ಕೋರಂ ಇಲ್ಲವೆಂದು ಕಾಯುತ್ತಾ ಕೂತರು. "ನಿನ್ ಕೋರಂಗೆ ಹುಳ ಕಾಯ್ತವೇನ್ಲಾ? ನಿನ್ ಪುಸ್ತಕದ್ ಮೇಲೇ ಗೂಡು ಕಟ್ತವೆ, ಏಳ್ಲಾ!" ಎಂದು ತಾತ ಗದರಿದರು. ಆ ಠರಾವು ಮಾತ್ರ ಸರ್ವಾನುಮತದಿಂದ ಅಂಗೀಕಾರವಾಯಿತು.

ಅಂತೂ ಒಂದು ವರ್ಷ ಸಂಘಟನೆಯ ರಾಷ್ಟ್ರೀಯ ಸಭೆ ಅವರನ್ನು ವಿಶ್ವಸಭೆಗೆ ಆರಿಸಿತು. ಬದಲಿ ಪ್ರತಿನಿಧಿಯೊಬ್ಬರು ಬೇಕೆಂದಾಗ, ಸಭೆಯಲ್ಲಿ ಬಾಯೇ ಬಿಡದ ನನ್ನ ಹೆಸರನ್ನು ಅವರೇ ಸೂಚಿಸಿದರು. ಇವಳಿಂದ ಅಪಾಯವಿಲ್ಲ ಎಂದೋ ಏನೋ! ಇಬ್ಬರಿಗೂ ಪಾಸ್‌ಪೋರ್ಟ್ ಬಂತು. ಕೋಟು ಹೊಲಿಸಿದ್ದಾಯಿತು. ಇನ್ನು ಎಂದಿನಂತೆ ಫೇಲಾದರೆ ಮುಗಿಯಿತು.

ಪರೀಕ್ಷೆಯಲ್ಲಿ ಪ್ರಜಾಪ್ರಭುತ್ವದ ಮೇಲೆ ಪ್ರಶ್ನೆ ಬಂದಿತ್ತು. ಖಾಲಿ ಹಾಳೆ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು, ಸಂಬಂಧವಿಲ್ಲದ್ದನ್ನು ಗೀಚುವ ಉದ್ದೇಶದಿಂದ ಚಿಕ್ಕಪ್ಪ ಸಂಘಟನೆಯ ನಿಯಮಾವಳಿಯನ್ನೇ ಬರೆದರು. ಘಟಕ ಹೇಗೆ ಆರಿಸುತ್ತದೆ, ಆರಿಸಿದವರಿಗೆ ಹೇಗೆ ಲೆಕ್ಕ ಒಪ್ಪಿಸಬೇಕು, ಅವಧಿ ಮುಗಿದವನು ಕುರ್ಚಿಯಿಂದ ಯಾಕೆ ಏಳಬೇಕು, ಎಲ್ಲವನ್ನೂ! ಓದಿದ ಪುಣ್ಯಾತ್ಮ ಕೈತುಂಬ ಅಂಕ ಕೊಟ್ಟುಬಿಟ್ಟ.

"ಪಾಸಾಗ್ಬುಟ್ಟೆ ಕಣವ್ವಾ!" ಎಂದು ಚಿಕ್ಕಪ್ಪ ಜಗಲಿಯ ಮೇಲೆ ಕುಸಿದರು. ಅಜ್ಜಿ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರೆ ಮಗ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು.

ಫಾದರ್ ಓಡಿಬಂದರು. "ಅಷ್ಟು ದೂರದಲ್ಲಿ ನಿನ್ನ ರಿಸಲ್ಟ್ ಯಾರು ಕೇಳ್ತಾರಪ್ಪ? ಸುಮ್ಮನೆ ಹೋಗಿ ಬಾ."

"ನಿಮ್ ಸಲಹೆ ಬರ್ಕೊಂಡೆ ಫಾದರ್. ಓಟು ನಿಮ್ಗಿಲ್ಲ" ಎಂದ ಚಿಕ್ಕಪ್ಪ ಆಗಲೇ ರಾಜೀನಾಮೆ ಬರೆದರು. ಅಕ್ಷರ ಮಾತ್ರ ಸೊಟ್ಟಗಿತ್ತು.

ಹೋಗಬೇಕಾದವಳು ನಾನು! ಹೆದರಿ ಅತ್ತೇಬಿಟ್ಟೆ. "ನಂಗೆ ಮಾತಾಡಕ್ ಬರಲ್ಲ ಚಿಕ್ಕಪ್ಪಾ."

"ಕೈ ಎತ್ತು ಮಗಾ. ಸರದಿ ಬತ್ತದೆ. ಆಗ ಯಾರೂ ನಿನ್ನ ತಡ್ಯಂಗಿಲ್ಲ. ರೂಲೈತೆ."

ನಾನು ಮರಳಿದಾಗ ಅವರು ರಾಮನಗರದ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಮೊದಲು ಸಭೆಯ ವರದಿ ಕೇಳುತ್ತಾರೆಂದುಕೊಂಡಿದ್ದೆ. ಕೇಳಲಿಲ್ಲ.

"ಎಷ್ಟು ಸಲ ಮಾತಾಡ್ದೆ ಮಗಾ?"

"ಎರಡು ಸಲ."

ನನ್ನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, "ನಮ್ ಹುಡ್ಗಿ ಎರಡ್ ಸಲ ಮಾತಾಡವ್ಳೆ!" ಎಂದು ಗುರುತಿಲ್ಲದವರಿಗೆಲ್ಲ ಹೇಳುತ್ತಾ ಮುಂದೆ ಮುಂದೆ ನಡೆದರು. ಹಿಂದೆ ನಡೆಯುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ. ನಾನು ನೋಡಿ ಬಂದ ಆ ಊರು ಹೇಗಿತ್ತೆಂದು ಅವರು ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ.